ತನ್ನ ಬೇಲಿ ತಾನೇ ಕಿತ್ತವನು: 1549ರ ಕೆಟ್ ದಂಗೆ ಯಾಕೆ ಎದ್ದಿತು, ಯಾಕೆ ಸೋತಿತು

ಟ್ಯೂಡರ್ ಕಾಲ ಅಂದ್ರೆ ನಮಗೆ ನೆನಪಾಗೋದು ಎಂಟನೇ ಹೆನ್ರಿ, ಅವನ ಆರು ಜನ ಹೆಂಡ್ತೀರು, ಎಲಿಜಬೆತ್ ರಾಣಿ, ಅಷ್ಟೇ. ಆದ್ರೆ ಹೆನ್ರಿ ಸತ್ತು ಎರಡು ವರ್ಷ ಆದ್ಮೇಲೆ, ಅವನ ಮಗ ಆರನೇ ಎಡ್ವರ್ಡ್ ಇನ್ನೂ 11 ವರ್ಷದ ಹುಡುಗ ಆಗಿದ್ದಾಗ, ಪೂರ್ವ ಇಂಗ್ಲೆಂಡಿನ ನಾರ್ಫೋಕಿನಲ್ಲಿ ಹೊಲ ಉಳೋರು, ಕುರಿ ಕಾಯೋರು, ಕಟುಕರು, ಕೂಲಿಯೋರು ಎಲ್ಲ ಸೇರ್ಕೊಂಡು ನಾರಿಚ್ ಅನ್ನೋ ಊರನ್ನೇ ಹಿಡ್ಕೊಂಡು ಕೂತಿದ್ರು. ಲಂಡನ್ ಬಿಟ್ರೆ ಆಗ ಇಂಗ್ಲೆಂಡಿನ ದೊಡ್ಡ ಊರು ಅದು.

ಜಗಳದ ಬೇರು ಇದ್ದಿದ್ದು ಹುಲ್ಲುಗಾವಲಲ್ಲಿ. ನಮ್ಮ ಕಡೆ ಗೋಮಾಳ ಅಂತೀವಲ್ಲ, ಹಾಗೆ ಅಲ್ಲೂ ಊರಿಗೆಲ್ಲ ಸೇರಿದ ಜಾಗ ಇರ್ತಿತ್ತು, ಬಡವರ ಒಂದು ಹಸುನೋ ನಾಲ್ಕು ಕುರಿನೋ ಅಲ್ಲೇ ಮೇಯಬೇಕು, ಸೌದೆನೂ ಅಲ್ಲೇ ಆರಿಸ್ಕೋಬೇಕು. ಉಣ್ಣೆಗೆ ಒಳ್ಳೆ ರೇಟು ಬಂತು ನೋಡಿ, ಜಮೀನ್ದಾರರಿಗೆ ಆ ಜಾಗದ ಮೇಲೆ ಕಣ್ಣು ಬಿತ್ತು. ಕೆಲವರು ಬೇಲಿ ಹಾಕ್ಕೊಂಡ್ರು, ಇನ್ನು ಕೆಲವರು ಬೇಲಿ ಹಾಕೋ ತೊಂದ್ರೆನೂ ತಗೊಳ್ದೆ ತಮ್ಮ ನೂರಾರು ಕುರಿನ ಅಲ್ಲಿಗೇ ಹೊಡೆದು ಬಿಟ್ರು, ಬಡವನ ಹಸುಗೆ ಒಂದು ಎಸಳು ಹುಲ್ಲು ಉಳೀಲಿಲ್ಲ. ಇದರ ಜೊತೆಗೆ ಹೆನ್ರಿ ಯುದ್ಧದ ಖರ್ಚಿಗೆ ಅಂತ ನಾಣ್ಯದಲ್ಲಿ ಬೆಳ್ಳಿ ಕಮ್ಮಿ ಮಾಡಿ ತಾಮ್ರ ಬೆರೆಸಿದ್ದ, ಹಂಗಾಗಿ ಸಾಮಾನಿನ ಬೆಲೆ ಏರ್ತಾನೇ ಇತ್ತು, ಗೇಣಿನೂ ಏರ್ತಿತ್ತು.

ಇಲ್ಲಿ ಒಂದು ಮುಖ್ಯ ವಿಷ್ಯ ಇದೆ, ಇದು ಗೊತ್ತಿಲ್ದೆ ಈ ದಂಗೆ ಅರ್ಥ ಆಗಲ್ಲ. ಹುಡುಗ ರಾಜನ ಪರವಾಗಿ ಆಡಳಿತ ನೋಡ್ತಿದ್ದವನು ಅವನ ಸೋದರಮಾವ ಸೋಮರ್‌ಸೆಟ್ ಡ್ಯೂಕ್. ಅವನೇ 1548ರಲ್ಲಿ ಅಕ್ರಮ ಬೇಲಿಗಳ ತನಿಖೆಗೆ ಅಂತ ಆಯೋಗ ಮಾಡಿದ್ದ, ಮಾರನೇ ವರ್ಷ ಕುರಿ ಮೇಲೆ ತೆರಿಗೆನೂ ಬಂತು. ಜನ ಏನು ತಿಳ್ಕೊಂಡ್ರು? ಸರ್ಕಾರ ನಮ್ಮ ಕಡೆ ಇದೆ, ಅಡ್ಡ ನಿಂತಿರೋದು ಊರಿನ ದೊಡ್ಡವರು ಮಾತ್ರ ಅಂತ. ಅವರು ರಾಜನ ಮೇಲೆ ದಂಗೆ ಎದ್ದವರಲ್ಲ, ರಾಜನ ಕಾನೂನನ್ನ ತಾವೇ ಜಾರಿ ಮಾಡ್ತಿದ್ದೀವಿ ಅಂತ ನಂಬಿ ಬೇಲಿ ಕಿತ್ತವರು.

ಜುಲೈ ಮೊದಲ ವಾರದಲ್ಲಿ ವಿಂಡಮ್ ಅನ್ನೋ ಪೇಟೆಯಲ್ಲಿ ಜಾತ್ರೆ, ನಾಟಕ. ಸೇರಿದ್ದ ಜನ ಹಂಗೇ ಹೊರಟು ಬೇಲಿ ಕೀಳೋಕೆ ಶುರು ಮಾಡಿದ್ರು, ಹೆದರ್‌ಸೆಟ್ ಊರಿನ ಲಾಯರ್ ಫ್ಲವರ್‌ಡ್ಯೂ ಮನೆ ಹತ್ರನೂ ಬಂದ್ರು. ಅವನು ದುಡ್ಡು ಕೊಟ್ಟು, ನಂದು ಬಿಡಿ, ಹೋಗಿ ಆ ಕೆಟ್‌ದು ಕೀಳಿ ಅಂತ ಕಳಿಸಿದ. ಇವರಿಬ್ಬರಿಗೂ ಹಳೇ ವೈರ. ಹೆನ್ರಿ ಮಠಗಳನ್ನ ಮುಚ್ಚಿಸಿದಾಗ ವಿಂಡಮ್ ಮಠದ ಚರ್ಚನ್ನ ಊರಿಗೆ ಉಳಿಸ್ಕೋಬೇಕು ಅಂತ ಕೆಟ್ ಮನೆಯವರೂ ಊರವರೂ ನಿಂತಿದ್ರೆ, ಫ್ಲವರ್‌ಡ್ಯೂ ಅದರ ಸೀಸ, ಕಲ್ಲು ಕಿತ್ಕೊಂಡು ಹೋಗಿದ್ದ.

ರಾಬರ್ಟ್ ಕೆಟ್ ಬಡವ ಅಲ್ಲ. ಚರ್ಮ ಹದ ಮಾಡೋ ಕಸುಬು, ಸಾಕಷ್ಟು ಜಮೀನು, ವಯಸ್ಸು 57ರ ಆಸುಪಾಸು, ಮತ್ತೆ ಅವನೂ ಬೇಲಿ ಹಾಕಿದ್ದವನೇ. ಜನ ಬಾಗಿಲಿಗೆ ಬಂದಾಗ ಅವರ ಮಾತು ಪೂರ್ತಿ ಕೇಳಿದ, ನೀವು ಹೇಳ್ತಿರೋದು ಸರಿ ಅಂದ, ಹೋಗಿ ಅವರ ಜೊತೆ ನಿಂತು ತನ್ನ ಬೇಲಿನೇ ಕಿತ್ತ. ಆಮೇಲೆ ಎಲ್ಲ ಸೇರಿ ವಾಪಸ್ ಹೋಗಿ ಫ್ಲವರ್‌ಡ್ಯೂದೂ ಕಿತ್ರು. ಕಳ್ಕೊಳ್ಳೋಕೆ ಅಷ್ಟೆಲ್ಲ ಇದ್ದ ಮನುಷ್ಯ ಆ ವಯಸ್ಸಲ್ಲಿ ಹಿಂಗೆ ಮಾಡಿದ್ದು ನನಗೆ ಇವತ್ತಿಗೂ ಎದೆ ತುಂಬಿ ಬರೋ ವಿಷ್ಯ.

ನಾರಿಚ್ ಪಕ್ಕದ ಮೌಸ್‌ಹೋಲ್ಡ್ ಬಯಲಿನ ದಿಬ್ಬದ ಮೇಲೆ ಬಿಡಾರ ಹೂಡಿದ್ರು, ಜನ 16,000 ವರೆಗೂ ಸೇರಿದ್ರು ಅಂತಾರೆ. ಸುಮ್ನೆ ಗುಂಪಲ್ಲ ಅದು. ಒಂದು ಓಕ್ ಮರದ ಕೆಳಗೆ ಕೆಟ್ ಕೂತು ನ್ಯಾಯ ಪಂಚಾಯ್ತಿ ಮಾಡ್ತಿದ್ದ, ದಿನಾ ಪ್ರಾರ್ಥನೆ ನಡೀತಿತ್ತು, ರಾಜನಿಗೆ 29 ಬೇಡಿಕೆ ಬರೆದು ಕಳಿಸಿದ್ರು. ಗೇಣಿನ ಏಳನೇ ಹೆನ್ರಿ (ಎಂಟನೇ ಹೆನ್ರಿಯ ಅಪ್ಪ) ಪಟ್ಟಕ್ಕೆ ಬಂದ ವರ್ಷದ ಲೆಕ್ಕಕ್ಕೆ ಇಳಿಸಿ, ಜಮೀನ್ದಾರರು ಊರ ಹುಲ್ಲುಗಾವಲಲ್ಲಿ ಮೇಯಿಸಬಾರ್ದು, ಉಪದೇಶ ಮಾಡೋಕೆ ಬರದ ಪಾದ್ರಿನ ತೆಗೀರಿ, ಇಂಥವು. ಅದರಲ್ಲಿ ಒಂದು, ದೇವರು ತನ್ನ ರಕ್ತ ಸುರಿಸಿ ಎಲ್ಲರನ್ನೂ ಬಿಡುಗಡೆ ಮಾಡಿದಾನೆ, ಹಂಗಾಗಿ ಜೀತದಲ್ಲಿರೋರನ್ನೆಲ್ಲ ಬಿಟ್ಟುಬಿಡಿ ಅನ್ನೋದು.

ಜುಲೈ 21ಕ್ಕೆ ರಾಜನ ದೂತ ಬಂದು ಚದುರಿ ಹೋಗಿ, ಕ್ಷಮೆ ಸಿಗುತ್ತೆ ಅಂದ. ಕ್ಷಮೆ ಬೇಕಾಗಿರೋದು ತಪ್ಪು ಮಾಡಿದವರಿಗೆ, ನಾವೇನು ತಪ್ಪು ಮಾಡಿದೀವಿ ಅಂತ ಕೆಟ್ ಕೇಳಿದ. ಆ ಗಳಿಗೆಯಿಂದ ಅವನು ಸರ್ಕಾರದ ಲೆಕ್ಕದಲ್ಲಿ ರಾಜದ್ರೋಹಿ. ಮಾರನೇ ದಿನ ನಾರಿಚ್ ಕೆಟ್ ಕಡೆಯವರ ಕೈಗೆ ಬಂತು. ಆ ಕಾಳಗದಲ್ಲಿ ಸಣ್ಣ ಹುಡುಗರು ಬಿದ್ದ ಬಾಣಗಳನ್ನ ಆರಿಸಿ, ಮೈಗೆ ನೆಟ್ಟಿದ್ದನ್ನೂ ಕಿತ್ತು ತಮ್ಮ ಬಿಲ್ಲುಗಾರರಿಗೆ ತಂದುಕೊಡ್ತಿದ್ರು ಅಂತ ಆಗಿನವರು ಬರೆದಿಟ್ಟಿದ್ದಾರೆ. ಆಗಸ್ಟ್ 1ಕ್ಕೆ ಸರ್ಕಾರದ ಕಡೆಯಿಂದ ನಾರ್ತಾಂಪ್ಟನ್ ಮಾರ್ಕ್ವಿಸ್ ತಂದಿದ್ದ ಸೈನ್ಯನೂ ಊರ ಬೀದಿಗಳಲ್ಲಿ ಸೋತು ಓಡ್ತು.

ಹಂಗಾದ್ರೆ ಸೋತಿದ್ದು ಎಲ್ಲಿ? ನನ್ನ ಪ್ರಕಾರ ಸರ್ಕಾರ ನಮ್ಮ ಕಡೆ ಇದೆ ಅನ್ನೋ ಆ ನಂಬಿಕೆಯಲ್ಲೇ. ರಾಜ ಉತ್ತರ ಕೊಡ್ತಾನೆ ಅಂತ ದಿಬ್ಬದ ಮೇಲೆ ಕಾಯ್ತಾ ಕೂತ್ರು, ಲಂಡನ್ ಕಡೆ ಹೆಜ್ಜೆ ಇಡಲಿಲ್ಲ. ಯಾರ್ಮತ್ ಬಂದರು ಹಿಡಿಯೋಕೆ ನೋಡಿದ್ರು, ಆಗಲಿಲ್ಲ. ಅದೇ ಬೇಸಿಗೆಯಲ್ಲಿ ಡೆವನ್, ಕಾರ್ನ್‌ವಾಲ್ ಕಡೆನೂ ಜನ ಎದ್ದಿದ್ರು ನಿಜ, ಆದ್ರೆ ಅವರಿಗೆ ಬೇಕಾಗಿದ್ದು ಹಳೇ ಧರ್ಮ, ಹಳೇ ಪೂಜೆ, ಅಂದ್ರೆ ಕ್ಯಾಥೊಲಿಕ್ ಪದ್ಧತಿ. ಕೆಟ್ ಕಡೆಯವರು ಸರ್ಕಾರ ತಂದಿದ್ದ ಪ್ರಾಟೆಸ್ಟಂಟ್ ರೀತಿಯ ಹೊಸ ಪ್ರಾರ್ಥನಾ ಪುಸ್ತಕ ಒಪ್ಪಿದವರು. ಒಂದಾಗೋ ಮಾತೇ ಇರಲಿಲ್ಲ.

ಆಗಸ್ಟ್ 24ಕ್ಕೆ ಸರ್ಕಾರ ಕಳಿಸಿದ ವಾರಿಕ್ ಅರ್ಲ್ ದೊಡ್ಡ ಸೈನ್ಯ ತಂದು ಊರೊಳಗೆ ನುಗ್ಗಿದ, ಎರಡು ದಿನದಲ್ಲಿ ಸಂಬಳದ ಜರ್ಮನ್ ಸೈನಿಕರು ಬಂದ್ರು. ದಿಬ್ಬಕ್ಕೆ ಊಟ ಹೋಗೋ ದಾರಿ ಕಟ್ಟಾಯ್ತು. ಆವಾಗ ಕೆಟ್ ಕಡೆಯವರು ಎತ್ತರದ ಜಾಗ ಬಿಟ್ಟು ಡಸಿನ್‌ಡೇಲ್ ಅನ್ನೋ ತಗ್ಗಿಗೆ ಇಳಿದ್ರು, ಅಲ್ಲೇ ಗೆಲುವು ಅಂತ ಒಂದು ಹಳೇ ಭವಿಷ್ಯವಾಣಿ ಬೇರೆ ಓಡಾಡ್ತಿತ್ತು. 27ನೇ ತಾರೀಕು ಕುದುರೆ ಸವಾರರ ಮುಂದೆ, ಕೋವಿ ಮುಂದೆ ರೈತರು ನಿಲ್ಲೋಕಾಗ್ಲಿಲ್ಲ. ಸತ್ತವರು 3,000 ಅಂತಾರೆ. ಸೇಡು ತೀರದ ಜಮೀನ್ದಾರರು ಇನ್ನೂ ನೇಣು ಹಾಕಿ ಅಂದಾಗ, ಎಲ್ಲರನ್ನೂ ಕೊಂದ್ರೆ ನಿಮ್ಮ ಹೊಲ ನೀವೇ ಉಳ್ತೀರಾ ಅಂತ ವಾರಿಕ್ಕೇ ಕೇಳಬೇಕಾಯ್ತಂತೆ. ಅಕ್ಟೋಬರ್‌ನಲ್ಲಿ ಸೋಮರ್‌ಸೆಟ್ ಅಧಿಕಾರನೂ ಹೋಯ್ತು, ಆ ಜಾಗಕ್ಕೆ ಮುಂದೆ ಬಂದವನು ಇದೇ ವಾರಿಕ್.

ಕೆಟ್ ಡಸಿನ್‌ಡೇಲ್ ಕಾಳಗದ ಮಾರನೇ ದಿನವೇ ಸಿಕ್ಕಿಬಿದ್ದಿದ್ದ. ಡಿಸೆಂಬರ್ 7ಕ್ಕೆ ಅವನನ್ನ ನಾರಿಚ್ ಕೋಟೆ ಗೋಡೆಗೆ ಸರಪಳಿಯಲ್ಲಿ ತೂಗುಹಾಕಿದ್ರು. ಅವನ ಅಣ್ತಮ್ಮ ವಿಲಿಯಂನ ವಿಂಡಮ್‌ಗೆ ಕರ್ಕೊಂಡು ಹೋಗಿ ಚರ್ಚಿನ ಗೋಪುರದಿಂದ ನೇತುಹಾಕಿದ್ರು, ಫ್ಲವರ್‌ಡ್ಯೂ ಕೈಯಿಂದ ಉಳಿಸ್ಕೋಬೇಕು ಅಂತ ಇವರ ಮನೆಯವರು ಬಡಿದಾಡಿದ್ರಲ್ಲ, ಅದೇ ಚರ್ಚು.