30 ಪರ್ಸೆಂಟ್ ಚಾರ್ಜ್ ಇದ್ದರೂ ಡೇಟಾ ಯಾಕೆ ಹೋಗಲ್ಲ?

ಮುಂಬೈ ಹತ್ತಿರದ ಭಿವಂಡಿಯ ಗೋದಾಮುಗಳಿಂದ, ಮುಂಬೈನ ಮಾಟುಂಗಾದ ಉಡುಪಿ ಹೋಟೆಲುಗಳಿಂದ ನನ್ನ ರಿಪೇರಿ ಟೇಬಲ್ಲಿಗೆ ಹ್ಯಾಂಡ್‌ಹೆಲ್ಡ್‌ಗಳು, ಅಂದರೆ ಸರಕು ಸ್ಕ್ಯಾನ್ ಮಾಡುವ, ಆರ್ಡರ್ ತೆಗೆದುಕೊಳ್ಳುವ ಕೈ ಸಾಧನಗಳು, ಬರುತ್ತಲೇ ಇರುತ್ತವೆ. ದೂರು ಮಾತ್ರ ಒಂದೇ: "ಅಣ್ಣಾ, ವೈಫೈ ಸರಿ ಇಲ್ಲ, ಡೇಟಾ ಅರ್ಧಕ್ಕೇ ನಿಲ್ಲುತ್ತೆ." ನಾನು ರೂಟರ್ ಸುದ್ದಿಗೇ ಹೋಗುವುದಿಲ್ಲ. ಮೊದಲು ಬ್ಯಾಟರಿ ಹೊರಗೆ ತೆಗೆಯುತ್ತೇನೆ.

ಪರದೆ ತೋರಿಸುವ ಪರ್ಸೆಂಟ್ ಬರೀ ಅಂದಾಜು. ಡೇಟಾ ಕಳಿಸುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯದೆ ಉಳಿಯುತ್ತದೆಯೇ ಅನ್ನುವುದು ಮುಖ್ಯ. ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್, 3ರ ಹತ್ತಿರ ಬಂದರೆ ಖಾಲಿ ಅಂತಲೇ ಲೆಕ್ಕ. ಹಳೇ ಸೆಲ್ಲೂ ಸುಮ್ನೆ ಇಟ್ಟಾಗ 3.7 ತೋರಿಸುತ್ತದೆ. ಆದರೆ ವಯಸ್ಸಾದಂತೆ ಅದರ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ಇರುವ ಅಡ್ಡಿ, ಜಾಸ್ತಿಯಾಗಿರುತ್ತದೆ. ಸಿಮ್ ಇರುವ ಸಾಧನ ಹಳೇ 2ಜಿ ನೆಟ್‌ವರ್ಕಿಗೆ ಇಳಿಯಿತು ಅನ್ನಿ, ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್‌ವರೆಗೂ ಎಳೆಯಬಹುದು. ರೆಸಿಸ್ಟೆನ್ಸ್ 0.3 ಓಮ್ ಇದ್ದರೆ 0.6 ವೋಲ್ಟ್ ಅಲ್ಲೇ ಮಾಯ. ಉಳಿದದ್ದು 3.1. ಚಾಳಿನಲ್ಲಿ ಕೆಳಗಿನವರು ನಲ್ಲಿ ತಿರುಗಿಸಿದರೆ ಮೇಲಿನವರ ನೀರು ಸಣ್ಣಗಾಗುತ್ತದಲ್ವಾ, ಹಾಗೆ. ಸಾಧನ ಗಪ್ಪನೆ ಆಫ್. ಮತ್ತೆ ಆನ್ ಮಾಡಿದರೆ ಅದೇ 30 ಪರ್ಸೆಂಟ್ ನಗುತ್ತಿರುತ್ತದೆ.

ಕೋಲ್ಡ್ ಸ್ಟೋರೇಜಿನಲ್ಲಿ ಇನ್ನೂ ಫಜೀತಿ. ಮೈನಸ್ 18 ಡಿಗ್ರಿಯಲ್ಲಿ ರೆಸಿಸ್ಟೆನ್ಸ್ ಮತ್ತಷ್ಟು ಏರುತ್ತದೆ. ಒಳಗೆ ಸತ್ತ ಸ್ಕ್ಯಾನರ್ ಹೊರಗೆ ತಂದು ಬೆಚ್ಚಗಾದ ಮೇಲೆ ಚಾರ್ಜ್ ಮಾಡದೆಯೇ ಎದ್ದು ಕೂರುತ್ತದೆ. ಹುಡುಗರು ದೆವ್ವದ ಕಾಟ ಅಂದುಕೊಂಡರೆ ಅವರ ತಪ್ಪಲ್ಲ.

ದಾರಿಯಲ್ಲಿ ತುಂಡಾದ ಡೇಟಾ ಪ್ಯಾಕೆಟ್ಟಿಗೆ ಹೆದರಬೇಕಿಲ್ಲ. ಡೇಟಾ ಸರಿಯಾಗಿದೆಯಾ ಅಂತ ನೋಡುವ ಲೆಕ್ಕ, ಅಂದರೆ ಚೆಕ್‌ಸಮ್, ತಾಳೆಯಾಗದೆ ಅದು ಅಲ್ಲೇ ಬಿದ್ದುಹೋಗುತ್ತದೆ. ತೊಂದರೆ ಕೊಡುವುದು ಬೇರೆ. ಹೋಟೆಲಿನಲ್ಲಿ ಆರ್ಡರ್ ಕೇಳುವ ಕ್ಯಾಪ್ಟನ್ ಆರ್ಡರ್ ಒತ್ತುತ್ತಾನೆ, ಅಡುಗೆಮನೆಯಲ್ಲಿ ಕೆಒಟಿ, ಅಂದರೆ ಆರ್ಡರ್ ಚೀಟಿ, ಪ್ರಿಂಟ್ ಆಗುತ್ತದೆ. "ತಲುಪಿತು" ಅನ್ನುವ ಉತ್ತರ ವಾಪಸ್ ಬರುವ ಮೊದಲೇ ಸಾಧನ ಆಫ್. ಎದ್ದ ಮೇಲೆ ಅದೇ ಆರ್ಡರನ್ನು ಇನ್ನೊಮ್ಮೆ ಕಳಿಸುತ್ತದೆ. ಒಂದು ಮಸಾಲೆ ದೋಸೆ ಕೇಳಿದವರ ಟೇಬಲ್ಲಿಗೆ ಎರಡು ಬರುತ್ತವೆ, ಬೈಗುಳ ಭಟ್ಟರಿಗೆ!

ಇದು ಸಾಫ್ಟ್‌ವೇರಿನವರು ಸರಿಮಾಡಬೇಕಾದ ಕೆಲಸ. ಪ್ರತಿ ಆರ್ಡರಿಗೂ ಬೇರೆ ಬೇರೆ ನಂಬರ್ ಇರಲಿ, ಅದೇ ನಂಬರ್ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡಲಿ. ಕಳಿಸುವ ಮೊದಲು, ಆಫ್ ಆದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡಲಿ, ಉತ್ತರ ಬಂದ ಮೇಲಷ್ಟೇ ಅಳಿಸಲಿ. ರ್‍ಯಾಮಿನಲ್ಲಷ್ಟೇ ಇದ್ದದ್ದು ಕರೆಂಟ್ ಹೋದರೆ ಹೋಯಿತು. ಬ್ಯಾಟರಿ ಸೇವರ್ ಆನ್ ಇದೆಯಾ ಅಂತಲೂ ನೋಡಿ. ಆಂಡ್ರಾಯ್ಡ್ ಆಗ ಹಿನ್ನೆಲೆಯಲ್ಲಿ ನಡೆಯುವ ಸಿಂಕ್, ಅಂದರೆ ಸರ್ವರ್ ಜೊತೆಗಿನ ಡೇಟಾ ಹೊಂದಾಣಿಕೆ, ತಡೆಹಿಡಿಯುತ್ತದೆ.

ನಿಮ್ಮ ಕಡೆಯಿಂದ ಆಗಬೇಕಾದ್ದು ಇಷ್ಟೇ: ಹೊಸ ಬ್ಯಾಟರಿ ಹಾಕಿದ ದಿನವೇ ಮಾರ್ಕರಿನಿಂದ ಅದರ ಮೇಲೆ ತಾರೀಖು ಬರೆಯಿರಿ. ಮುಂದಿನ ಸಲ ವೈಫೈ ಮೇಲೆ ಅನುಮಾನ ಬಂದಾಗ ಮೊದಲು ಆ ತಾರೀಖು ಓದಿ, ಆಮೇಲೆ ನನಗೆ ಫೋನ್ ಮಾಡಿ.