ಕಿವಿಯೊಳಗೆ ಸುಣ್ಣದ ಹರಳು

"ಡಾಕ್ಟ್ರೇ, ಬಲಮಗ್ಗುಲಿಗೆ ಹೊರಳಿದರೆ ಮನೆಯ ಮಾಡು ಗಿರಗಿರ ತಿರುಗುತ್ತದೆ."

ಬದಿಯಡ್ಕ ಕಡೆಯಿಂದ ಬಂದ, ಎಪ್ಪತ್ತರ ಹತ್ತಿರದ ಅಮ್ಮ ಹೇಳಿದ್ದು ಇಷ್ಟೇ. ಅರ್ಧ ರೋಗ ನನಗೆ ಅಲ್ಲೇ ಗೊತ್ತಾಯಿತು. ಪಿತ್ತ ಇರಬೇಕು ಎಂದು ಅವರು ಹದಿನೈದು ದಿನ ಪುನರ್ಪುಳಿ ಶರಬತ್ತು ಕುಡಿದಿದ್ದರು. ಮಗ ಬಿಪಿ ನೋಡಿಸಿದ್ದ, ಅದು ಸರಿಯೇ ಇತ್ತು.

ಕಾಸರಗೋಡಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಇಂಥವರನ್ನು ಆಗಾಗ ನೋಡುತ್ತೇನೆ. ಕಿವಿಯೊಳಗಿನ ಕಲ್ಲಿನಿಂದ ಹೀಗಾಗುತ್ತದೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಆದರೆ ಕಲ್ಲು ನಿಜವಾಗಿಯೂ ಇದೆ. ನಿಮಗೂ ಇದೆ, ನನಗೂ ಇದೆ. ಕಿವಿಯ ಒಳಭಾಗದಲ್ಲಿ ಲೋಳೆಯಂಥ ಒಂದು ಪದರ, ಅದರ ಮೇಲೆ ಸಾವಿರಾರು ಹರಳು. ಒಂದೊಂದೂ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು. ತಲೆ ವಾಲಿದರೆ ಹರಳಿನ ಭಾರಕ್ಕೆ ಲೋಳೆ ಜರುಗುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಮೆದುಳಿಗೆ ತಿಳಿಯುವುದಕ್ಕೆ ಇದೂ ಒಂದು ದಾರಿ.

ನಮ್ಮಲ್ಲಿ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರಲ್ವಾ, ಆ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಈ ಹರಳಿನಲ್ಲೂ ಇರುವುದು. ಇದನ್ನು ಹೇಳಿದ ಕೂಡಲೇ ಅಮ್ಮನಿಗೆ ಗಾಬರಿ. "ಎಲೆಗೆ ಸುಣ್ಣ ಜಾಸ್ತಿ ಹಾಕಿದ್ದಕ್ಕಾ?" ಖಂಡಿತ ಅಲ್ಲ. ಹುಟ್ಟುವ ಮೊದಲೇ ದೇಹ ಈ ಹರಳುಗಳನ್ನು ಮಾಡಿಕೊಂಡಿರುತ್ತದೆ. ಎಲೆಯಡಿಕೆ ಬಿಡಿ ಎಂದು ನಾನು ಹೇಳುವುದು ಬಾಯಿಯ ಕ್ಯಾನ್ಸರಿನ ಭಯದಿಂದ.

ಮೀನಿನ ಕಿವಿಯಲ್ಲೂ ಇಂಥ ಕಲ್ಲಿದೆ. ಮರದ ಉಂಗುರ ಎಣಿಸುವ ಹಾಗೆ ಅದರ ಗೆರೆ ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ನನಗೆ ಇನ್ನೂ ಅಚ್ಚರಿ ಎನಿಸುವುದು ಸಿಗಡಿ, ಅಂದರೆ ನಮ್ಮ ಎಟ್ಟಿ. ಹಲವು ಜಾತಿಯ ಸಿಗಡಿಗಳಿಗೆ ಸ್ವಂತ ಹರಳು ಇಲ್ಲ. ಮೀಸೆಯ ಬುಡದ ಗುಳಿಯಲ್ಲಿ ಮರಳಿನ ಕಣ ತುಂಬಿಕೊಳ್ಳುತ್ತವೆ. ಚಿಪ್ಪು ಕಳಚಿದಾಗ ಆ ಮರಳೂ ಹೋಗುತ್ತದೆ, ಮತ್ತೆ ಹೊಸದು ಬೇಕು. 1893ರಲ್ಲಿ ವಿಯೆನ್ನಾದ ಅಲೋಯಿಸ್ ಕ್ರೈಡ್ಲ್ ಅವುಗಳಿಗೆ ಮರಳಿನ ಬದಲು ಕಬ್ಬಿಣದ ಪುಡಿ ಕೊಟ್ಟರು. ಸಿಗಡಿಗಳು ಅದನ್ನೇ ತುಂಬಿಕೊಂಡವು. ಆಮೇಲೆ ಮೇಲಿನಿಂದ ಅಯಸ್ಕಾಂತ ಹಿಡಿದರೆ ಅವು ಹೊಟ್ಟೆ ಮೇಲೆ ಮಾಡಿ ಈಜಿದವು! ಕಣ ಮೇಲಕ್ಕೆ ಎಳೆದದ್ದಕ್ಕೆ ಅದೇ ಕೆಳಗಿನ ದಿಕ್ಕು ಎಂದುಕೊಂಡವು.

ಅಮ್ಮನಿಗೂ ಆದದ್ದು ಹೆಚ್ಚುಕಮ್ಮಿ ಅದೇ, ತಪ್ಪು ಸುದ್ದಿ. ವಯಸ್ಸಾದಾಗ ಅಥವಾ ತಲೆಗೆ ಪೆಟ್ಟಾದಾಗ ಕೆಲವು ಹರಳು ಕಳಚಿ ಪಕ್ಕದ ಬಳೆಯಾಕಾರದ ನಾಳಕ್ಕೆ ಬೀಳುತ್ತವೆ. ಹೊರಳಿದಾಗ ಅವು ಉರುಳಿ ಅಲ್ಲಿನ ನೀರನ್ನು ಎಳೆಯುತ್ತವೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂದು ಮೆದುಳಿಗೆ ಸುದ್ದಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ, ಆದರೆ ಆ ಹೊತ್ತು ಸತ್ತೇ ಹೋದೆ ಅನ್ನಿಸುತ್ತದೆ.

ಬಿದ್ದ ಹರಳನ್ನು ಮಾತ್ರೆ ಎತ್ತುವುದಿಲ್ಲ. ತಲೆಯನ್ನೇ ತಿರುಗಿಸಿ ಅದನ್ನು ಉರುಳಿಸಿ ಆ ನಾಳದಿಂದ ಹೊರಗೆ ತರಬೇಕು. ಅಮೆರಿಕದ ಜಾನ್ ಎಪ್ಲಿ ಈ ವಿಧಾನ ಕಂಡುಹಿಡಿದಾಗ ಬಹಳ ಜನ ಡಾಕ್ಟರುಗಳೇ ನಂಬಲಿಲ್ಲ. 1992ರಲ್ಲಿ ಅವರ ಲೇಖನ ಅಚ್ಚಾಯಿತು. ಈಗ ಅದು ಎಲ್ಲ ಕಡೆ ಬಳಕೆಯಲ್ಲಿದೆ. ನಾನು ಅಮ್ಮನ ತಲೆಯನ್ನು ಬಲಕ್ಕೆ ತಿರುಗಿಸಿ ಮಲಗಿಸಿದೆ. ಕಣ್ಣುಗುಡ್ಡೆ ಅದುರತೊಡಗಿತು. ಆ ಅದುರು ನಿಂತ ಮೇಲೆ ತಲೆಯನ್ನು ಮೆಲ್ಲ ಎಡಕ್ಕೆ ತಿರುಗಿಸಿ, ಮಗ್ಗುಲಾಗಿಸಿ, ಎಬ್ಬಿಸಿ ಕೂರಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮತ್ತೆ ಬಲಕ್ಕೆ ಮಲಗಿಸಿ ನೋಡಿದೆ. "ಮಾಡು ನಿಂತಿತು ಡಾಕ್ಟ್ರೇ" ಎಂದರು.

ಎಲ್ಲ ತಲೆಸುತ್ತೂ ಇದಲ್ಲ. ಮಾತು ತೊದಲಿದರೆ, ಕೈಕಾಲಿನ ಬಲ ಕುಗ್ಗಿದರೆ, ಒಂದು ವಸ್ತು ಎರಡಾಗಿ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಕುತ್ತಿಗೆ ನೋವಿದ್ದವರು ಸುಮ್ನೆ ವಿಡಿಯೋ ನೋಡಿ ತಲೆ ತಿರುಗಿಸಬೇಡಿ. ಹರಳು ಮತ್ತೆ ಕಳಚುವುದೂ ಉಂಟು. ಅದಕ್ಕೇ ಅಮ್ಮನ ಮಗನಿಗೆ ಒಂದು ಮಾತು ಹೇಳಿ ಕಳಿಸಿದೆ: ರಾತ್ರಿ ಏಳುವಾಗ ಅವರು ಮೊದಲು ಲೈಟ್ ಹಾಕಲಿ, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತಿರಲಿ, ಆಮೇಲೆ ಗೋಡೆ ಹಿಡಿದು ನಡೆಯಲಿ.