ಐದು ಮುಖಗಳು, ಎರಡು ಕೈಗಳು

ಲಿಯೊನಾರ್ಡೊ ಡ ವಿಂಚಿಯ ‘ಐದು ವಿಕಾರ ಮುಖಗಳು’ ರೇಖಾಚಿತ್ರವನ್ನು ಮುಂದಿಟ್ಟರೆ ವಿದ್ಯಾರ್ಥಿಗಳು ಮೊದಲು ಕೇಳುವುದು, ‘ಇವರೆಲ್ಲ ಯಾರು?’ ಎಂದು. ಸ್ವಲ್ಪ ತಾಳಿ, ಮೊದಲು ಗೆರೆ ನೋಡಿ ಎನ್ನುತ್ತೇನೆ.

ಲಿಯೊನಾರ್ಡೊ ಮಿಲಾನಿನಲ್ಲಿದ್ದಾಗ, ಸುಮಾರು 1493ರಲ್ಲಿ, ಲೇಖನಿ ಮತ್ತು ಮಸಿಯಿಂದ ಬರೆದ ಈ ಹಾಳೆ ಈಗ ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ರಾಜಸಂಗ್ರಹದಲ್ಲಿದೆ. ಎತ್ತರ ಸುಮಾರು 26 ಸೆಂಟಿಮೀಟರ್, ಅಷ್ಟೇ. ಅವನ ಕೈಯ ಗುರುತು ಹಿಡಿಯಬೇಕಾದರೆ ಕೆನ್ನೆ, ಕತ್ತು, ಬಟ್ಟೆಯ ಮಡಿಕೆಗಳಲ್ಲಿ ನೆರಳಿಗೆಂದು ಒತ್ತೊತ್ತಾಗಿ ಎಳೆದ ಓರೆಗೆರೆಗಳನ್ನು ನೋಡಬೇಕು. ಬಲಗೈಯವರ ಓರೆಗೆರೆ ಸಾಮಾನ್ಯವಾಗಿ ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಇಳಿಯುತ್ತದೆ. ಲಿಯೊನಾರ್ಡೊ ಎಡಚ, ಅವನ ಗೆರೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ವಾಲುತ್ತದೆ. ಅವನ ಚಿತ್ರಗಳನ್ನು ನಕಲು ಮಾಡಿದ ಅನೇಕರು ಮೂಗು, ಗಲ್ಲಗಳನ್ನು ಚೆನ್ನಾಗಿಯೇ ಹಿಡಿದರು. ಈ ಓರೆಯ ದಿಕ್ಕಿನಲ್ಲಿ ಸಿಕ್ಕಿಬಿದ್ದರು. ಇದೊಂದರಿಂದಲೇ ತೀರ್ಪು ಕೊಡಲಾಗದು. ಆದರೂ ನನ್ನ ಮಟ್ಟಿಗೆ ಮೊದಲ ಪರೀಕ್ಷೆ ಇದೇ.

ಈಗ ‘ಯಾರು?’ ಎನ್ನುವ ಪ್ರಶ್ನೆಗೆ ಬರೋಣ. ನಡುವೆ ನಿಂತ ಮುದುಕನ ತಲೆಯ ಮೇಲೆ ಓಕ್ ಎಲೆಗಳ ಕಿರೀಟವಿದೆ. ಸಹನಾಗರಿಕನ ಪ್ರಾಣ ಉಳಿಸಿದವನಿಗೆ ಪ್ರಾಚೀನ ರೋಮಿನಲ್ಲಿ ಕೊಡುತ್ತಿದ್ದ ಗೌರವ ಅದು. ನಾಣ್ಯದ ಮೇಲಿನ ಚಕ್ರವರ್ತಿಯಂತೆ ಅವನನ್ನು ಪಕ್ಕದಿಂದ ತೋರಿಸಲಾಗಿದೆ. ಸುತ್ತ ನಾಲ್ವರು, ಒಬ್ಬ ಬಾಯಿ ಅಗಲಿಸಿ ನಗುತ್ತಿದ್ದಾನೆ. ನಾಲ್ವರು ಎಂದ ಕೂಡಲೇ ಕೆಲವರು ನಾಲ್ಕು ಮನೋಧರ್ಮಗಳ, ಅಂದರೆ ಮನುಷ್ಯರ ಸ್ವಭಾವ ನಾಲ್ಕು ಬಗೆ ಎನ್ನುವ, ಹಳೆಯ ಸಿದ್ಧಾಂತವನ್ನು ಇದಕ್ಕೆ ಹೊಂದಿಸಿದರು. ಎಣಿಕೆಯೇನೋ ಸರಿಹೋಯಿತು, ಆದರೆ ಅವರೆಲ್ಲ ಒಬ್ಬನನ್ನೇ ಏಕೆ ಹೀಗೆ ಮುತ್ತಿದ್ದಾರೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನನಗೆ ಒಪ್ಪಿಗೆಯಾಗುವುದು ವಿಂಡ್ಸರ್ ಸಂಗ್ರಹದ ತಜ್ಞ ಮಾರ್ಟಿನ್ ಕ್ಲೇಟನ್ ಅವರ ವಿವರಣೆ. ಬಲಗಡೆಯ ಹೆಂಗಸು ಭವಿಷ್ಯ ಹೇಳಲು ಮುದುಕನ ಕೈ ಹಿಡಿಯುತ್ತಿದ್ದಾಳೆ. ಎಡಗಡೆಯವಳ ಕೈ ಅವನ ಹಣದ ಚೀಲದತ್ತ ಹೋಗುತ್ತಿದೆ. ನಮ್ಮ ಕಣ್ಣು ವಿಕಾರ ಮುಖಗಳಲ್ಲೇ ಸಿಕ್ಕಿಕೊಳ್ಳುವುದರಿಂದ ತೋಳುಗಳ ದಾರಿ ಹಿಡಿದು ಕೆಳಗಿಳಿಯುವುದೇ ಇಲ್ಲ. ಕೈಗಳನ್ನು ಸೇರಿಸಿ ನೋಡಿದರೆ ಕಿರೀಟಕ್ಕೂ ನಗುವಿಗೂ ಒಟ್ಟಿಗೆ ಅರ್ಥ ಬರುತ್ತದೆ: ತನ್ನನ್ನು ದೊಡ್ಡವನೆಂದುಕೊಂಡ ಮುದುಕ ಮೋಸಹೋಗುತ್ತಿದ್ದಾನೆ.

ಈ ಓದಿಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. ಮೋಸ ಮಾಡುತ್ತಿರುವವರು ಆಗ ಜಿಪ್ಸಿಗಳೆಂದು ಕರೆಯುತ್ತಿದ್ದ ರೋಮಾ ಎಂಬ ಅಲೆಮಾರಿ ಸಮುದಾಯದವರು (ರೋಮ್ ನಗರದವರಲ್ಲ) ಎನ್ನುತ್ತದೆ ಆ ವಿವರಣೆ. ಅವರನ್ನು ಹೊರಹಾಕಲು ಮಿಲಾನ್ 1493ರಲ್ಲೇ ಆಜ್ಞೆ ಹೊರಡಿಸಿತ್ತು. ಹಾಗಾದರೆ ಇದು ಬರಿಯ ಮುಖವೈಚಿತ್ರ್ಯದ ಅಭ್ಯಾಸವಲ್ಲ, ಒಂದು ಸಮುದಾಯದ ಬಗ್ಗೆ ಊರಿನಲ್ಲಿ ಬೇರೂರಿದ್ದ ತಾತ್ಸಾರವೂ ಈ ಹಾಳೆಗೆ ಇಳಿದಿದೆ. ಗೆರೆಯ ಸೊಬಗನ್ನು ಮೆಚ್ಚುವಾಗ ಇದನ್ನೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಇದರ ಜೊತೆಗೆ ಫ್ಲೆಮಿಶ್ ಕಲಾವಿದ ಕ್ವಿಂಟೆನ್ ಮಾಟ್ಸೀಸನ ‘ಹೊಂದಾಣಿಕೆಯಿಲ್ಲದ ಪ್ರೇಮಿಗಳು’ ವರ್ಣಚಿತ್ರವನ್ನೂ ನೋಡಿ. ಅದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಅಲ್ಲಿನ ಮುದುಕನ ಮುಖದಲ್ಲಿ ಲಿಯೊನಾರ್ಡೊನ ವಿಕಾರ ಮುಖಗಳ ಛಾಯೆ ಕಾಣುತ್ತದೆ. ಅವನು ತರುಣಿಯನ್ನು ಮುದ್ದಿಸುತ್ತಿದ್ದರೆ, ಅವಳು ಅವನ ಹಣದ ಚೀಲವನ್ನು ಹಿಂದೆ ನಿಂತ ವಿದೂಷಕನ ಕೈಗೆ ದಾಟಿಸುತ್ತಿದ್ದಾಳೆ.